ಬಿರಾಮನ ಟೈರು

ಸಂಜೆಯಾದರೆ ಡಾಕರ್ ನಗರದ ಕಡಲ ದಂಡೆಯಲ್ಲಿ ಊರಿಗೆ ಊರೇ ಓಡಿ, ಕಸರತ್ತು ಮಾಡಿ ಬೆವರು ಸುರಿಸುತ್ತದೆ. ನಾನು ಸಿಗಾ, ಅಲ್ಲಿ ಕಾಫಿ ಮಾರುವವಳು. ಯಾರ ಜೊತೆ ಯಾರು ಓಡುತ್ತಾರೆಂದು ಕೂತಲ್ಲೇ ಹೇಳಬಲ್ಲೆ.

ಬಿರಾಮನ ಜೊತೆ ಯಾರೂ ಓಡುತ್ತಿರಲಿಲ್ಲ. ಹಿಂದೆ ಅವನು ನಮ್ಮ ಬೀದಿಯ ದರ್ಜಿ. ಮೂವತ್ತು ತುಂಬುವಾಗ ಕಿವಿಯಲ್ಲಿ ಯಾರ್ಯಾರೋ ಮಾತಾಡತೊಡಗಿದರು. ಮನೆಯವರು ಜಿನ್ನು ಎಂಬ ಭೂತ ಹಿಡಿದಿದೆಯೆಂದು ದೂರದ ಹಳ್ಳಿಯ ನಾಟಿ ವೈದ್ಯನ ಬಳಿ ಬಿಟ್ಟರು. ಎರಡು ವರ್ಷದ ಮೇಲೆ ಬಂದಾಗ ಕಣಕಾಲಿನ ಸುತ್ತ ಸರಪಳಿಯ ಕಲೆ. ಆಮೇಲೆ ಆಸ್ಪತ್ರೆಯ ಡಾಕ್ಟರಮ್ಮ ಇದು ಸ್ಕಿಜೋಫ್ರೇನಿಯಾ ಎಂದರು. "ಮಾತ್ರೆ ಬಿಡ್ಬೇಡ. ಜೊತೆಗೆ ಬೆವರು ಬರೋ ಹಾಗೆ ಕಸರತ್ತು ಮಾಡು, ಜನರ ಜೊತೇಲಿ ಮಾಡು" ಎಂದು ಕಳಿಸಿದರಂತೆ.

"ಓಡುವಾಗ ಆ ದನಿಗಳು ಹಿಂದೆ ಬೀಳ್ತವೆ, ಸಿಗಾ ಅಕ್ಕ" ಎಂದಿದ್ದ ಒಮ್ಮೆ. ಮಾತ್ರೆಗೆ ಊದಿದ್ದ ಮೈ ಇಳಿಯಿತು. ನಿದ್ದೆ ಹತ್ತಿತು. ಜನ ಮಾತ್ರ ಹತ್ತಿರ ಬರಲಿಲ್ಲ.

"ಜೋಡಿ ಮಾಡ್ಕೊಳ್ಳಿ!" ಎಂದು ತರಬೇತುದಾರ ಕೂಗುತ್ತಿದ್ದ. ಒಬ್ಬ ಮಲಗಿ, ಎಣಿಸುತ್ತ ಬೆನ್ನೆತ್ತಿ ಏಳಬೇಕು, ಇನ್ನೊಬ್ಬ ಅವನ ಪಾದ ಒತ್ತಿ ಹಿಡಿಯಬೇಕು. ಬಿರಾಮ್ ಒಮ್ಮೆ ಸುತ್ತ ನೋಡುತ್ತಿದ್ದ. ಆಮೇಲೆ ಮರಳಲ್ಲಿ ಅರ್ಧ ಹೂತಿದ್ದ ಲಾರಿ ಟೈರಿನಡಿ ಪಾದ ತೂರಿಸುತ್ತಿದ್ದ. ಎಂಟು ತಿಂಗಳು ಹೀಗೇ. ನಾನೂ ನೋಡುತ್ತಲೇ ಕಾಫಿ ಬಗ್ಗಿಸಿದೆ. ಅವನ ಹತ್ತಿರ ಹೋದರೆ ಗಿರಾಕಿಗಳು ದೂರವಾದಾರು ಎಂಬ ಭಯ. ಉಳಿದವರನ್ನು ಬೈಯಲು ನನಗೆಲ್ಲಿಯ ಬಾಯಿ?

ಒಂದು ದಿನ ಕಡಲು ಉಕ್ಕಿ ಟೈರನ್ನು ಎಳೆದುಕೊಂಡು ಹೋಯಿತು. ಬಿರಾಮ್ ಬರೀ ಮರಳಲ್ಲೇ ಮಲಗಿದ. ಏಳಹೋದಾಗಲೆಲ್ಲ ಕಾಲು ಮೇಲೆದ್ದು ಬೆನ್ನು ನೆಲಕ್ಕೆ ಬೀಳುತ್ತಿತ್ತು.

"ನಿನ್ನ ಹೆಂಡ್ತಿ ಸಮುದ್ರದ ಪಾಲಾದ್ಲಲ್ಲೋ!" ಎಂದ ಒಬ್ಬ. ಎಲ್ಲರೂ ನಕ್ಕರು.

ಅವನು ಎದ್ದು, ಚಪ್ಪಲಿ ಕೈಗೆತ್ತಿಕೊಂಡು ನನ್ನೆದುರೇ ಹಾದು ಹೊರಟ. "ನಾಳೆಯಿಂದ ಬರಲ್ಲ ಅಕ್ಕ."

ನನಗೆ ರೇಗಿತು. ಅವರ ಮೇಲೋ ನನ್ನ ಮೇಲೋ ಗೊತ್ತಿಲ್ಲ. ಕಾಫಿ ಪಾತ್ರೆ ಕೆಳಗಿಟ್ಟು, "ಎಲ್ಲಿಗೋ ಹೋಗ್ತೀಯ? ಮಲಕ್ಕೋ ಇಲ್ಲೇ" ಎಂದೆ.

ಮಲಗಿದ. ನಾನು ಕಣಕಾಲಿಗೆ ಕೈ ಹಾಕಿದ್ದೇ ತಡ, ನನ್ನನ್ನು ಒದ್ದ. "ಕಟ್ತೀಯಾ? ಅವತ್ತು ಆ ವೈದ್ಯನ ಹತ್ರ ನಾಲ್ಕು ಜನ ಹೀಗೇ ಹಿಡಿದಿದ್ರು."

ಅಂದಿನಿಂದ ಆ ಕಾಲನ್ನು ಯಾರೂ ಮುಟ್ಟಿರಲಿಲ್ಲವೆಂದು ನನಗೆ ಆಗ ಹೊಳೆಯಿತು.

"ನನ್ನ ಹತ್ರ ಹಗ್ಗ ಎಲ್ಲಿದೆಯೋ, ಮಾರಾಯ? ಎರಡು ಕೈ ಅಷ್ಟೇ" ಎಂದೆ. ಮತ್ತೆ ಮೆಲ್ಲಗೆ ಹಿಡಿದೆ. ಕಲೆಗಳು ಅಂಗೈಗೆ ಒರಟಾಗಿ ತಗುಲಿದವು.

ಅವನು ಬಹಳ ಹೊತ್ತು ಏಳಲಿಲ್ಲ. ನಾನೂ ಬಿಡಲಿಲ್ಲ. ಗಿರಾಕಿಗಳು ಕಾಯುತ್ತ ನಿಂತರು.

ಕೊನೆಗೆ ಬೆನ್ನೆತ್ತಿ ಎದ್ದು, "ಒಂದು" ಎಂದ.