ಸದ್ದಿಲ್ಲದ ಭಾಷಣ

ಮಗ್ಗದಿಂದ ಮಗ್ಗಕ್ಕೆ ಲಾಳಿಯಂತೆ ಓಡಾಡಿ ಬಟ್ಟೆ ಗಿರಣಿಯಲ್ಲಿ ಕಾರ್ಮಿಕರ ಸಂಘ ಕಟ್ಟಿದವನನ್ನು ಎಲ್ಲರೂ ಲಾಳಿಯಣ್ಣ ಎನ್ನುತ್ತಿದ್ದರು. ಈಗ ಅವನು ಆಳುವ ಪಕ್ಷದ ಶಾಸಕ. ಇಂದು ಅದೇ ಗಿರಣಿಯನ್ನು ಮುಚ್ಚುವ ಮಸೂದೆಗೆ ಪಕ್ಷ ಅವನ ಮತ ಕೇಳಿತ್ತು. ಅವನು ಯಾರ ಕಡೆ ನಿಲ್ಲುತ್ತಾನೆಂದು ನೋಡಲು, ಅದೇ ಗಿರಣಿಯಲ್ಲಿ ದುಡಿಯುವ ಅವನ ಹೆಂಡತಿ ಅಲ್ಲಿನ ಗೆಳತಿಯರೊಡನೆ ಸದನದ ಗ್ಯಾಲರಿಯಲ್ಲಿ ಕೂತಿದ್ದಳು.

“ನಿಮ್ಮೆಜಮಾನ್ರು ಈಗ ದೊಡ್ಡೋರು ಕಣೇ. ನಮ್ಮ ಗುರುತು ಹತ್ತುತ್ತಾ?” ಎಂದು ಪಕ್ಕದವಳು ಕುಟುಕಿದಳು.

“ನನ್ನ ಗುರುತೇ ಹತ್ತುತ್ತೋ ಇಲ್ವೋ, ಸುಮ್ನಿರು.”

ಅವನು ಎದ್ದು ‘ಈ ಗಿರಣಿ’ ಎನ್ನುತ್ತಿದ್ದಂತೆ ಅವನ ಪಕ್ಷದವರೇ ಗದ್ದಲ ಎಬ್ಬಿಸಿದರು. ಮೈಕು ನಿಂತಿತು. ಅವನು ದನಿ ಏರಿಸಲಿಲ್ಲ. ಗ್ಯಾಲರಿಯತ್ತ ಮುಖವೆತ್ತಿ ತುಟಿಗಳನ್ನಷ್ಟೇ ಆಡಿಸತೊಡಗಿದ. ಗಿರಣಿಯೊಳಗೆ ಮಗ್ಗಗಳ ಅಬ್ಬರದಲ್ಲಿ ಯಾರ ದನಿಯೂ ಕೇಳದು. ಗಿರಣಿಯವರು ಮಾತಾಡುವುದೇ ಹಾಗೆ, ತುಟಿ ಅಗಲಿಸಿ, ಒಂದೊಂದೇ ಪದವಾಗಿ. ಕೆಳಗಿದ್ದವರಿಗೆ ಏನೂ ತಿಳಿಯಲಿಲ್ಲ. ಮೇಲೆ ಅವಳು ಒಂದಕ್ಷರ ಬಿಡದೆ ಓದಿಕೊಂಡಳು: ‘ಇದಕ್ಕೆ ನಾನು ಕೈ ಎತ್ತಲ್ಲ. ಕುರ್ಚಿ ಹೋದ್ರೆ ಹೋಗ್ಲಿ. ನಾಳೆ ಗಿರಣಿ ಗೇಟಿಗೆ ಬರ್ತೀನಿ, ನಿಮ್ ಜೊತೆ ನಿಲ್ತೀನಿ.’

ಹೆಂಗಸರೆಲ್ಲ ಒಟ್ಟಿಗೆ ಎದ್ದು ನಿಂತರು. ಇಷ್ಟು ಕಾಲ ಜೊತೆಗೆ ಬಾಳಿದವನು ಇಷ್ಟು ಎತ್ತರದವನೇ ಎಂದು ಬೆರಗಾಗಿ ಅವಳೂ ತುಟಿಯಲ್ಲೇ ಹೇಳಿದಳು: ‘ಬನ್ನಿ, ನಾನೂ ಇರ್ತೀನಿ.’