ಬೂದಿಯಿಲ್ಲದ ಅಂಬಲಿ

ಹೊಸ್ಕಿ ತನ್ನ ಅತ್ತೆಯ ಮುಖವನ್ನು ಒಮ್ಮೆಯೂ ನೋಡಿದವನಲ್ಲ. ನವಾಹೋ ಜನರಲ್ಲಿ ಅಳಿಯ ಅತ್ತೆಯನ್ನು ನೋಡಬಾರದು, ನೋಡಿದರೆ ಕಣ್ಣು ಹೋಗುತ್ತದೆ. ಹೀಗಾಗಿ ಹೆಂಡತಿಯ ತವರಿನ ನೆಲದಲ್ಲೇ ಸಂಸಾರ ಹೂಡಿ, ಅವರ ಕುರಿಗಳನ್ನೇ ಮೇಯಿಸಿ ತಲೆ ನರೆತರೂ, ಅವನ ಪಾಲಿಗೆ ಅತ್ತೆಯೆಂದರೆ ಅಳಿಯನನ್ನು ಎಚ್ಚರಿಸಲೆಂದು ಕಿವಿಯೋಲೆಗೆ ಕಟ್ಟಿದ ಗೆಜ್ಜೆಯ ಸದ್ದು ಮಾತ್ರ. ಸದ್ದು ಕೇಳಿದೊಡನೆ ಬೆನ್ನು ತಿರುಗಿಸುತ್ತಿದ್ದ. ಮಾತೇನಿದ್ದರೂ ನಡುವೆ ಹೆಂಡತಿ ಇದ್ದಳು.

ಚಳಿಗಾಲದಲ್ಲಿ ಹೆಂಡತಿ ತೀರಿಕೊಂಡಳು. ಸತ್ತವರ ಹೆಸರೆತ್ತುವ ಹಾಗಿಲ್ಲವಾದ್ದರಿಂದ ಅವಳನ್ನು ಕೂಗಿ ಅಳುವುದಕ್ಕೂ ದಾರಿಯಿರಲಿಲ್ಲ. ಡಬ್ಬಿಯ ಮಾಂಸ, ಕರಿ ಕಾಫಿ, ಇಷ್ಟರಲ್ಲೇ ದಿನ ದೂಡಿದ. ದೊಡ್ಡಿಯಲ್ಲಿ ಜಾರಿ ಮುಂಗೈ ಮುರಿದುಕೊಂಡಾಗ ಆಸ್ಪತ್ರೆಯ ನರ್ಸ್ ಗದರಿದಳು.

"ಹಾಲು ಒಗ್ಗಲ್ಲ ಅಂತೀರ. ಬೂದಿ ಹಾಕಿದ ಅಂಬಲೀನೂ ಬಿಟ್ಟಿದೀರ. ಮೂಳೆಗೆ ಸುಣ್ಣದಂಶ ಆಕಾಶದಿಂದ ಬೀಳುತ್ತಾ ದೊಡ್ಡಪ್ಪ? ಕುರಿ ಲಿವರ್ ಆದ್ರೂ ತಿನ್ನಿ, ರಕ್ತಕ್ಕೆ ಕಬ್ಬಿಣ ಬೇಡ್ವಾ?"

ಸುದ್ದಿ ಅತ್ತೆಗೂ ಮುಟ್ಟಿರಬೇಕು. ಮಾರನೆಯ ದಿನದಿಂದ ಸೌದೆ ಒಡೆಯುವ ಕೊರಡಿನ ಮೇಲೆ ಮುಚ್ಚಿದ ಬಟ್ಟಲು ಬರತೊಡಗಿತು. ನೀಲಿ ಮೆಕ್ಕೆಜೋಳದ ಅಂಬಲಿ. ಜುನಿಪರ್ ಮರದ ಸೊಪ್ಪಿನ ಬೂದಿ ಬಿದ್ದರೇನೇ ಅದಕ್ಕೆ ಆ ನೀಲಿ, ಆ ರುಚಿ. ಹೆಂಡತಿಯ ಕೈರುಚಿ ಎಲ್ಲಿಂದ ಬಂದಿತ್ತೆಂದು ಅವನಿಗೆ ಆಗ ತಿಳಿಯಿತು.

ಒಂದು ಬೆಳಿಗ್ಗೆ ಅಂಬಲಿ ಬೂದುಬಣ್ಣಕ್ಕಿತ್ತು, ಸಪ್ಪೆಯಾಗಿತ್ತು. ಬೂದಿಯೇ ಇಲ್ಲ. ಮರುದಿನವೂ ಅದೇ. ಹೆಂಡತಿ ಹೋದಮೇಲೆ ಗಂಡಸು ತನ್ನ ತಾಯಿಯ ಕಡೆಗೆ ಮರಳುವುದು ವಾಡಿಕೆ. ಮುದುಕಿ ಬಾಯಿಬಿಟ್ಟು ಹೇಳಲಾರದ್ದನ್ನು ಬಟ್ಟಲಲ್ಲಿ ಹೇಳುತ್ತಿದ್ದಾಳೆ ಎಂದುಕೊಂಡ. ಮರಳೋಣವೆಂದರೆ ತಾಯಿಯೂ ಇಲ್ಲ, ಆ ಮನೆಯೂ ಇಲ್ಲ. ಈ ಅಂಗಳ ಬಿಟ್ಟರೆ ಅವನಿಗೆ ಯಾರೂ ಇರಲಿಲ್ಲ. ಆದರೂ ಗಂಡಸಿನ ಬಿಗುಮಾನ ಬಿಡಲಿಲ್ಲ, ಗಂಟುಮೂಟೆ ಕಟ್ಟಿ ಟ್ರಕ್ಕಿಗೆ ಹಾಕಿದ.

ಬೆನ್ನ ಹಿಂದೆ ಗೆಜ್ಜೆ ಸದ್ದಾಯಿತು. ಹೊಸ್ಕಿ ಅಲುಗಲಿಲ್ಲ. ಸೌದೆ ರಾಶಿಯ ಆಚೆಯಿಂದ ಅತ್ತೆ ನಾಯಿಯೊಡನೆ ಮಾತಿಗಿಳಿದಳು.

"ಲೋ ಶಾಶ್, ಆ ಮಹರಾಯಂಗೆ ಹೇಳು. ಮಗಳು ಸುಟ್ಟಿಟ್ಟಿದ್ದ ಬೂದಿ ಮುಗೀತು. ಕೊಂಬೆ ಮುರಿಯೋಕೆ ನನ್ನ ಕೈ ಮೇಲೇಳಲ್ಲ. ಹೋಗೋನು ಹೋಗ್ಲಿ, ಒಂದು ಹೊರೆ ಹಸಿ ಸೊಪ್ಪು ಕಡಿದಿಟ್ಟು ಹೋಗ್ಲಿ."

ಹೊಸ್ಕಿಯೂ ನಾಯಿಗೇ ಹೇಳಿದ: "ಶಾಶ್, ಅದನ್ನ ಸುಟ್ಟು ಜರಡಿ ಹಿಡಿಯೋರ್ಯಾರು ಕೇಳು."

"ಒಂದು ಕೈ ನೆಟ್ಟಗೇ ಐತಲ್ಲೋ ಅವಂಗೆ."

ಒಂದೇ ಕೈಯಲ್ಲಿ ಸೊಪ್ಪು ಕಡಿದ, ತಗಡಿನ ಮೇಲೆ ಸುಟ್ಟ, ಜರಡಿ ಹಿಡಿದು ಬೂದಿಯನ್ನು ಕೊರಡಿನ ಮೇಲಿಟ್ಟ. ಮಾರನೆಯ ಬೆಳಿಗ್ಗೆ ಬಟ್ಟಲಲ್ಲಿ ನೀಲಿ ಮರಳಿತ್ತು. ಸೌದೆ ರಾಶಿಗೆ ಬೆನ್ನು ಕೊಟ್ಟು ಕೂತು ಉಣ್ಣುವಾಗ, ಆಚೆ ಬದಿಯಲ್ಲೂ ಚಮಚ ಕೆರೆಯುವ ಸದ್ದು ಕೇಳಿತು. ಹೊಸ್ಕಿಗೆ ಅಳು ಬಂತು. ಟ್ರಕ್ಕಿನಲ್ಲಿ ಗಂಟು ಇನ್ನೂ ಹಾಗೇ ಇತ್ತು.

"ಶಾಶ್, ಸಾಕಾಯ್ತಾ ಕೇಳೋ," ಎಂದಳು ಅತ್ತೆ ಆಚೆಯಿಂದ.

"ಇವತ್ತಿಗೆ ಸಾಕು," ಎಂದ ಹೊಸ್ಕಿ ನಾಯಿಯ ತಲೆ ಸವರುತ್ತ. "ನಾಳೆಗೂ ಬೇಕು ಅನ್ನು."