ಅಕ್ಕನೊಬ್ಬಳೇ ಹೋದ ಲೋಕಲ್

ನಾನು ಚಿಕ್ಕವನಿದ್ದಾಗ ಮೈಸೂರಿನ ನಮ್ಮ ಬೀದಿಯವರಿಗೆ ಬೊಂಬಾಯಿಯೂ ಒಂದು ಪರದೇಶವೇ. ಮುಂಬಯಿಯನ್ನು ಆಗ ಎಲ್ಲರೂ ಹಾಗೇ ಕರೆಯುತ್ತಿದ್ದರು. ಇಡೀ ಬೀದಿಗೆ ಒಂದೇ ಮನೆಯಲ್ಲಿ ಟೀವಿ ಇದ್ದ ಕಾಲ ಅದು. ನಾನು ಐದನೇ ಕ್ಲಾಸಿನಲ್ಲಿದ್ದಾಗ ಅಪ್ಪ, ಅಕ್ಕ, ನಾನು ಮೂವರೂ ರೈಲು ಹತ್ತಿ ಅಲ್ಲಿಗೆ ಹೋದೆವು, ಅಕ್ಕನ ವೀಸಾಕ್ಕೆ. ಅಕ್ಕನ ಗಂಡ, ಅಂದರೆ ನಮ್ಮ ಭಾವ, ಮದುವೆಯಾದ ತಿಂಗಳಿಗೇ ಗಲ್ಫಿಗೆ ಕೆಲಸಕ್ಕೆ ಹೋಗಿದ್ದರು. ಆ ದೇಶದ ವೀಸಾ ಕಚೇರಿ ಇದ್ದದ್ದು ಬೊಂಬಾಯಿಯಲ್ಲಿ.

ಅಮ್ಮ ನನಗೆ ಬುದ್ಧಿ ತಿಳಿಯುವ ಮೊದಲೇ ತೀರಿಕೊಂಡಿದ್ದಳು. ನನಗೆ ತಲೆ ಬಾಚಿದವಳು, ಅನ್ನ ಕಲಸಿ ಕೈತುತ್ತು ಕೊಟ್ಟವಳು ಅಕ್ಕ. ಆದರೆ ಅಪ್ಪನ ಕಣ್ಣಿಗೆ ಅವಳಿನ್ನೂ ಮಗು. ಮಾರ್ಕೆಟ್ಟಿಗೂ ಅವಳೊಬ್ಬಳನ್ನೇ ಕಳಿಸಿದವರಲ್ಲ. ರಸ್ತೆ ದಾಟುವಾಗ ಅಕ್ಕನೂ ಅಪ್ಪನ ಅಂಗಿಯ ತೋಳು ಹಿಡಿದುಕೊಳ್ಳುತ್ತಿದ್ದಳು. ಇಂಥವಳು ಸಮುದ್ರ ದಾಟಿ ಹೋಗುತ್ತಾಳೆ ಎಂಬ ಮಾತೇ ಅಪ್ಪನ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಅಪ್ಪ ಪಂಚಾಂಗ ನೋಡದೆ ಹೊಸ ಚಪ್ಪಲಿಯನ್ನೂ ಮೆಟ್ಟುತ್ತಿರಲಿಲ್ಲ. ವೀಸಾಕ್ಕೂ ಒಳ್ಳೆಯ ದಿನ ಹುಡುಕಿದರು. ಶುಕ್ರವಾರ, ಲಕ್ಷ್ಮಿಯ ವಾರ. ರಾಹುಕಾಲ ಬರುವ ಮೊದಲೇ ಅರ್ಜಿ ಕೊಟ್ಟುಬಿಡಬೇಕು. ನಾವು ಇಳಿದುಕೊಂಡದ್ದು ಮುಲುಂಡಿನಲ್ಲಿ, ಅಪ್ಪನ ತಂಗಿಯ ಮನೆಯಲ್ಲಿ. ಅಲ್ಲಿಂದ ಬೆಳಕು ಹರಿಯುವಾಗಲೇ ಲೋಕಲ್ ರೈಲು ಹಿಡಿದು, ವೀಟಿ ಸ್ಟೇಷನ್ನಿನಲ್ಲಿ ಇಳಿದು, ಬೆವರೊರೆಸಿಕೊಳ್ಳುತ್ತಾ ಕಚೇರಿಯ ಮುಂದೆ ನಿಂತರೆ ಗೇಟಿಗೆ ಬೀಗ.

"ಆಜ್ ಜುಮ್ಮಾ ಹೈ. ಬಂದ್. ಕಲ್ ದಸ್ ಬಜೇ ಆನಾ," ಎಂದ ವಾಚ್‌ಮನ್.

ಅಕ್ಕ ಹಿಂದಿ ಪರೀಕ್ಷೆ ಕಟ್ಟಿ ಪಾಸಾಗಿದ್ದಳು. ಶುಕ್ರವಾರ ಅವರಿಗೆ ಪ್ರಾರ್ಥನೆಯ ದಿನ, ನಮ್ಮ ಭಾನುವಾರದ ಹಾಗೆ ರಜಾ, ನಾಳೆ ಹತ್ತಕ್ಕೆ ತೆಗೆಯುತ್ತಾರೆ ಎಂದು ಅಪ್ಪನಿಗೆ ಮೆಲ್ಲಗೆ ಹೇಳಿದಳು. ಪಂಚಾಂಗದಲ್ಲಿ ಅದು ಬರೆದಿರಲಿಲ್ಲವಲ್ಲ! ಅಪ್ಪನ ಮುಖ ಇಳಿದುಹೋಯಿತು.

"ಒಳ್ಳೇ ದಿನ ನೋಡ್ಕೊಂಡು ಬಂದ್ರೂ ಬಾಗಿಲು ಮುಚ್ಚಿದೆ. ಇದು ದೇವರಿಗೇ ಇಷ್ಟ ಇಲ್ಲ ಕಣಮ್ಮ. ನಾಳೆ ಶನಿವಾರ, ಶುಭಕಾರ್ಯಕ್ಕೆ ಬೇಡ. ಊರಿಗೆ ವಾಪಸ್ ಹೋಗಿಬಿಡೋಣ. ವೀಸಾ ವಿಚಾರ ಆಮೇಲೆ ನೋಡಿದರಾಯ್ತು," ಎಂದರು.

ಆ 'ಆಮೇಲೆ' ಬರುವುದೇ ಇಲ್ಲವೆಂದು ಅಕ್ಕನಿಗೆ ಗೊತ್ತಿತ್ತು. ಅವಳು ಪಾಸ್‌ಪೋರ್ಟ್ ಇದ್ದ ವ್ಯಾನಿಟಿ ಬ್ಯಾಗನ್ನು ಎದೆಗೆ ಒತ್ತಿಕೊಂಡು ನಿಂತಳು. ನನಗೆ ಮಾತ್ರ ಒಳಗೊಳಗೇ ಖುಷಿ. ಅಕ್ಕ ನಮ್ಮ ಮನೆಯಲ್ಲೇ ಇರುತ್ತಾಳಲ್ಲ!

ಬಂದದ್ದಕ್ಕೆ ಊರನ್ನಾದರೂ ತೋರಿಸೋಣವೆಂದು ಅಪ್ಪ ನಮ್ಮನ್ನು ಸುತ್ತಾಡಿಸಿದರು. ಡಬಲ್ ಡೆಕ್ಕರ್ ಬಸ್ಸಿನ ಮಹಡಿಯಲ್ಲಿ ಕೂತೆವು; ಮರದ ಕೊಂಬೆಗಳು ಕಿಟಕಿಯನ್ನು ಸವರಿಕೊಂಡು ಹೋಗುತ್ತಿದ್ದವು. ಉಡುಪಿ ಹೋಟೆಲಿನಲ್ಲಿ ಸಾಂಬಾರಿನ ಬಿಸಿ ವಾಸನೆ, ಪಕ್ಕದ ಮೇಜಿನಿಂದ ಕನ್ನಡ ಮಾತು. ಗೇಟ್‌ವೇ ಹತ್ತಿರ ಪಾರಿವಾಳಗಳು ಒಮ್ಮೆಲೇ ಎದ್ದಾಗ ನನ್ನ ಕೂದಲಿಗೆಲ್ಲ ಗಾಳಿ. ಮೀನು, ಡೀಸೆಲ್ಲು, ಹುರಿದ ಕಡಲೆಕಾಯಿ ಎಲ್ಲದರ ವಾಸನೆಯೂ ಸಮುದ್ರದ ಉಪ್ಪಿನ ಜೊತೆ ಬೆರೆತಿತ್ತು. ಅಕ್ಕ ಕಟ್ಟೆಯ ಹತ್ತಿರ ನಿಂತು ನೀರನ್ನೇ ನೋಡುತ್ತಿದ್ದಳು.

"ಅಪ್ಪ, ಅವರಿರೋದು ಈ ಸಮುದ್ರದ ಆಚೆ ಅಲ್ವಾ?"

ಅಪ್ಪ "ಹೂಂ" ಎಂದು, ಯಾರೂ ಕೇಳದಿದ್ದರೂ ಕಡಲೆಕಾಯಿ ಕೊಳ್ಳಲು ಹೋದರು.

ಸಂಜೆ ವೀಟಿ ಸ್ಟೇಷನ್ನಿಗೆ ಬಂದರೆ ಎಂಥ ಜನ! ಗಂಡಸರ ಡಬ್ಬಿಯ ನೂಕಾಟದಲ್ಲಿ ಅಕ್ಕನನ್ನು ಹೇಗೆ ಹತ್ತಿಸುವುದು? ಬೆಳಿಗ್ಗೆ ಖಾಲಿ ಗಾಡಿಯಲ್ಲಿ ಮೂವರೂ ಒಟ್ಟಿಗೆ ಬಂದಿದ್ದೆವು. ಈಗ ಅಪ್ಪ ಅವಳನ್ನು ಲೇಡೀಸ್ ಡಬ್ಬಿಗೆ ಹತ್ತಿಸಿ, "ಮುಲುಂಡಿನಲ್ಲಿ ಇಳಿ, ನಾವು ಪಕ್ಕದ ಡಬ್ಬೀಲೇ ಇರ್ತೀವಿ," ಎಂದು ನನ್ನ ಕೈ ಹಿಡಿದು ಓಡಿದರು. ಪಕ್ಕದ ಡಬ್ಬಿಯ ಬಾಗಿಲಲ್ಲಿ ಜನ ಜೋತುಬಿದ್ದಿದ್ದರು. ಅಪ್ಪ ಒಂದು ಕಾಲಿಟ್ಟರು, ಯಾರೋ ತಳ್ಳಿದರು. ಗಾಡಿ ಹೊರಟೇ ಹೋಯಿತು, ಅಕ್ಕನನ್ನು ಕರೆದುಕೊಂಡು. ಅವಳ ಟಿಕೆಟ್ಟೂ ಅಪ್ಪನ ಜೇಬಿನಲ್ಲೇ ಇತ್ತು. ಅತ್ತೆಯ ಮನೆಯ ವಿಳಾಸ ಅವಳಿಗೆ ಗೊತ್ತಿರಲಿಲ್ಲ.

ಅಪ್ಪ ಹೆದರಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಮುಂದಿನ ಲೋಕಲ್ಲಿನಲ್ಲಿ ಹೇಗೋ ನುಗ್ಗಿದೆವು. ಒಂದೊಂದು ಸ್ಟೇಷನ್ ಬಂದಾಗಲೂ ಅಪ್ಪ ಜನರ ಹೆಗಲ ಮೇಲಿಂದ ಕತ್ತು ಚಾಚಿ ಪ್ಲಾಟ್‌ಫಾರಂ ಹುಡುಕುತ್ತಿದ್ದರು. ನನ್ನ ಮಣಿಕಟ್ಟನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಕೈ ಜೋಮು ಹಿಡಿಯಿತು. "ರಸ್ತೆ ದಾಟೋಕೂ ಬಾರದ ಮಗು ಅದು," ಎಂದು ತಮ್ಮಷ್ಟಕ್ಕೇ ಹೇಳಿಕೊಳ್ಳುತ್ತಿದ್ದರು. ನನಗೂ ಅಳು ತಡೆಯಲಾಗಲಿಲ್ಲ.

ಮುಲುಂಡಿನಲ್ಲಿ ಇಳಿದೆವು. ಜನ ಕರಗುವವರೆಗೂ ಅಕ್ಕ ಕಾಣಲಿಲ್ಲ. ಆಮೇಲೆ ನೋಡಿದರೆ ಪ್ಲಾಟ್‌ಫಾರಮ್ಮಿನ ಕೊನೆಯ ಬೆಂಚಿನ ಮೇಲೆ ಒಬ್ಬ ಮರಾಠಿ ಹೆಂಗಸಿನ ಜೊತೆ ಕೂತು ಬಟಾಣಿ ಬಿಡಿಸುತ್ತಿದ್ದಾಳೆ! ಆ ಊರಿನಲ್ಲಿ ಕೆಲಸದಿಂದ ಮರಳುವ ಹೆಂಗಸರು ರಾತ್ರಿಯ ತರಕಾರಿಯನ್ನು ಲೋಕಲ್ಲಿನಲ್ಲೇ ಬಿಡಿಸಿ ಹೆಚ್ಚಿಕೊಳ್ಳುತ್ತಿದ್ದರು. ಡಬ್ಬಿಯಲ್ಲಿ ಪಕ್ಕ ಕೂತ ಅಕ್ಕನೂ ಕೈ ಜೋಡಿಸಿದ್ದಳು. ಇವಳೊಬ್ಬಳನ್ನೇ ಬಿಟ್ಟುಹೋಗಲು ಮನಸ್ಸಾಗದೆ ಆ ತಾಯಿ ಜೊತೆಗೇ ಕಾದಿದ್ದರು.

"ಇಳಿದು ನೋಡಿದ್ರೆ ನೀವಿಲ್ಲ. ಹುಡುಕ್ಕೊಂಡು ಹೋದ್ರೆ ಇನ್ನೂ ತಪ್ಪಿಹೋಗ್ತೀವಿ, ಹಿಂದೆ ಬರೋ ಗಾಡೀಲಿ ಬಂದೇ ಬರ್ತೀರಿ ಅಂತ ಇಲ್ಲೇ ಕೂತೆ," ಎಂದಳು ಅಕ್ಕ.

"ಹೆದರಿಕೆ ಆಗ್ಲಿಲ್ವೇನಮ್ಮಾ?"

"ಆಯ್ತು ಅಪ್ಪ. ಆದ್ರೂ ಬಂದೆ."

ಅಪ್ಪ ಬೆಂಚಿನ ಮೇಲೆ ಕುಸಿದು ಕೂತರು. ಹೊಸಬರನ್ನು ನೋಡುವ ಹಾಗೆ ಅವಳನ್ನೇ ಬಹಳ ಹೊತ್ತು ನೋಡಿದರು. ಆ ಹೆಂಗಸು ಚೀಲ ಎತ್ತಿಕೊಂಡು, ಅಕ್ಕನ ಕೆನ್ನೆ ಸವರಿ, ಮೆಟ್ಟಿಲು ಹತ್ತಿ ಹೋದರು.

"ನಾಳೆ ಹತ್ತು ಗಂಟೆಗೆ ತಾನೇ ಬಾಗಿಲು ತೆಗೆಯೋದು?" ಎಂದು ಅಪ್ಪ ಕೇಳಿದರು. "ಬೇಗ ಹೊರಡೋಣ."

ಶನಿವಾರ ಹತ್ತು ಗಂಟೆಯೆಂದರೆ ಸರಿಯಾಗಿ ರಾಹುಕಾಲ. ಅಪ್ಪನಿಗೆ ಅದು ಬಾಯಿಪಾಠವಾಗಿತ್ತು. ಅಕ್ಕ ತುಟಿ ಕಚ್ಚಿಕೊಂಡು ತಲೆಯಾಡಿಸಿದಳು. ಅವಳು ಹೋಗಿಯೇ ಹೋಗುತ್ತಾಳೆಂದು ನನಗೆ ಗೊತ್ತಾದದ್ದು ಆಗ. ಅವತ್ತು ಅತ್ತೆ ಬಡಿಸಿದ ಊಟ ನನಗೆ ಸೇರಲಿಲ್ಲ.

ಮುಂದೆ ಅಕ್ಕ ವಿಮಾನ ಹತ್ತಿದಳು. ಕ್ಷೇಮವಾಗಿ ತಲುಪಿದ ಸುದ್ದಿ ನಮಗೆ ತಿಳಿಯಲು ಎಷ್ಟೋ ದಿನ ಹಿಡಿಯಿತು. ಅಷ್ಟು ದಿನವೂ ಅಪ್ಪ ಎಂದಿನಂತೆ ಎದ್ದರು, ಸ್ನಾನ ಮಾಡಿದರು, ಕೆಲಸಕ್ಕೆ ಹೋದರು. ಮೊಮ್ಮಕ್ಕಳೇ, ಈಗ ನಿಮ್ಮ ಅಮ್ಮ ಆಫೀಸಿನಿಂದ ಹೊರಟರೆ ಫೋನಿನ ನಕ್ಷೆಯಲ್ಲಿ ನೀಲಿ ಚುಕ್ಕಿಯಾಗಿ ಕಾಣುತ್ತಾಳೆ. ಚುಕ್ಕಿ ಸ್ವಲ್ಪ ಹೊತ್ತು ನಿಂತರೆ ಸಾಕು, ಮನೆಯೆಲ್ಲ ಗಾಬರಿ. ನಾನೂ ನಿಮ್ಮ ಜೊತೆ ಬಗ್ಗಿ ನೋಡುವವನೇ. ಆದರೆ ಒಂದು ದಿನ ನೀವೂ ಒಬ್ಬೊಬ್ಬರೇ ದೂರ ಹೊರಡುತ್ತೀರಿ. ಅವತ್ತು ನಾನು 'ಎಲ್ಲಿದ್ದೀಯ, ತಲುಪಿದೆಯಾ' ಎಂದು ಫೋನು ಮಾಡದೆ ಸುಮ್ಮನಿದ್ದರೆ, ತಾತನಿಗೆ ನಮ್ಮ ಯೋಚನೆಯೇ ಇಲ್ಲ ಅಂದುಕೊಳ್ಳಬೇಡಿ. ತನ್ನ ಅಪ್ಪನಷ್ಟು ಧೈರ್ಯ ತಂದುಕೊಳ್ಳಲು ನೋಡುತ್ತಿದ್ದಾನೆ ಅಂದುಕೊಳ್ಳಿ.